ಅವ್ವನ ದಿಗಿಲು, ನನ್ನ ಆಂಕ್ಸೈಟಿ

ನಮ್ಮೂರು ಕೊಪ್ಪ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ ಅಲ್ಲ, ಇದನ್ನ ಪ್ರತಿಸಲ ಹೇಳಲೇಬೇಕು. ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪ. ಮೈಸೂರಿನಿಂದ ಮಡಿಕೇರಿ ಬಸ್ ಹತ್ತಿದರೆ ಬೈಲಕುಪ್ಪೆ ಟಿಬೆಟನ್ ಕ್ಯಾಂಪಿನ ಹತ್ತಿರ, ಕಾವೇರಿ ಸೇತುವೆಗೆ ಸ್ವಲ್ಪ ಮೊದಲು ಸಿಗುತ್ತೆ. ಸೇತುವೆ ದಾಟಿದರೆ ಕುಶಾಲನಗರ, ಅಲ್ಲಿಂದ ಕೊಡಗು.

ನಾನು ಬೆಂಗಳೂರಿನಿಂದ ಊರಿಗೆ ಹೊರಟರೆ ಅವ್ವನ ಫೋನ್ ಶುರು. ಬಸ್ ಹತ್ತಿದ್ಯಾ? ಮಂಡ್ಯ ದಾಟ್ತಾ? ಮೈಸೂರಲ್ಲಿ ಸೀಟ್ ಸಿಕ್ತಾ? ಹುಣಸೂರು ಬಂತಾ? ಒಂದು ಸಲ ಚಾರ್ಜ್ ಮುಗಿದು ಫೋನ್ ಆಫ್ ಆಯ್ತು. ಪಿರಿಯಾಪಟ್ಟಣ ಸ್ಟ್ಯಾಂಡಿನಲ್ಲಿ ಬಸ್ ನಿಂತಾಗ ಕಿಟಕಿಯಿಂದ ನೋಡಿದರೆ ಅಪ್ಪ ಬೈಕ್ ನಿಲ್ಲಿಸಿಕೊಂಡು ಒಂದೊಂದೇ ಬಸ್ಸಿಗೆ ಇಣುಕುತ್ತಿದ್ದಾರೆ. ಅವ್ವ ಕಳಿಸಿದ್ದು. ಮನೆಗೆ ಹೋದರೆ ಅವಳು ಮಸಣಿಕಮ್ಮನಿಗೆ ಹರಕೆಯನ್ನೂ ಹೊತ್ತು ಮುಗಿಸಿದ್ದಳು. ಹೆತ್ತ ಕರುಳು ಅಂತ ನಾವೆಲ್ಲ ನಕ್ಕು ಸುಮ್ಮನಾದೆವು.

ಆಫೀಸಿನಲ್ಲಿ ನಾನೂ ಹಾಗೇ ಇದ್ದೆ ಅಂತ ಗೊತ್ತಾಗಿದ್ದು ತುಂಬಾ ತಡವಾಗಿ. ಸಂಜೆ ಕೋಡ್ ಲೈವ್ ಆದರೆ ರಾತ್ರಿ ಎರಡಕ್ಕೆ, ಮೂರೂವರೆಗೆ, ಐದಕ್ಕೆ ಎದ್ದು ಲ್ಯಾಪ್‌ಟಾಪ್ ತೆಗೆದು ನೋಡುತ್ತಿದ್ದೆ. ತೊಂದರೆಯಾದರೆ ಫೋನ್ ತಾನೇ ಬಡಿದುಕೊಳ್ಳುವ ವ್ಯವಸ್ಥೆ ಇದೆ. ಅದನ್ನು ಸೆಟ್ ಮಾಡಿದವಳೂ ನಾನೇ. ಆದರೂ ನೋಡಬೇಕು. ಒಂದು ಮೇಲ್ ಕಳಿಸುವ ಮುಂಚೆ ಎಂಟು ಸಲ ಓದಬೇಕು. ಮ್ಯಾನೇಜರ್ 'ಒಂದ್ನಿಮಿಷ ಮಾತಾಡೋಣ' ಅಂತ ಮೆಸೇಜ್ ಹಾಕಿದರೆ ಕೆಲಸ ಹೋಯ್ತು, ಅಪ್ಪನ ಸಾಲ ಯಾರು ಕಟ್ಟೋದು ಅನ್ನುವವರೆಗೆ ಅರ್ಧ ನಿಮಿಷದಲ್ಲಿ ತಲುಪಿಬಿಡುತ್ತಿದ್ದೆ. ಅಪ್ರೈಸಲ್‌ನಲ್ಲಿ ಮಾತ್ರ 'ತುಂಬಾ ಜವಾಬ್ದಾರಿ ಇರುವ ಹುಡುಗಿ' ಅಂತ ಬರೆದಿದ್ದರು. ಈ ಕಾಯಿಲೆಯ ಕಷ್ಟ ಇದೇ, ಜನ ಇದಕ್ಕೆ ಶಹಭಾಸ್ ಅನ್ನುತ್ತಾರೆ.

ಹೊಟ್ಟೆಯಿಂದ ಶುರುವಾಗಿದ್ದು

ಮನಸ್ಸಿನ ಡಾಕ್ಟರ ಹತ್ತಿರ ನಾನು ನೇರವಾಗಿ ಹೋಗಲಿಲ್ಲ. ಯಾರೂ ಹಾಗೆ ಹೋಗಲ್ಲ ಅನ್ಸುತ್ತೆ. ಮೊದಲು ಹೊಟ್ಟೆ. ಬೆಳಿಗ್ಗೆ ಎದ್ದ ಕೂಡಲೇ ಹೊಟ್ಟೆಯೊಳಗೆ ಕಲಸಿದ ಹಾಗೆ, ತಿಂಡಿ ಸೇರಲ್ಲ. ಗ್ಯಾಸ್ಟ್ರಿಕ್ ಅಂದರು, ಮೂರು ತಿಂಗಳು ಆ ಮಾತ್ರೆ. ಆಮೇಲೆ ಎದೆ ಡವಡವ. ಇಸಿಜಿ ಆಯ್ತು, ನಾರ್ಮಲ್. ಕತ್ತು, ಭುಜ ಕಲ್ಲಿನಂತೆ ಬಿಗಿದುಕೊಂಡಿದ್ದಕ್ಕೆ ಕುರ್ಚಿ ಬದಲಾಯಿಸಿದೆ. ಹಲ್ಲು ಕಡಿದು ಕಡಿದು ದವಡೆ ನೋವು ಬಂತು. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಎಲ್ಲ ಸರಿಯಿತ್ತು. ಈ ಟೆಸ್ಟುಗಳು ದಂಡ ಅಂತ ಹೇಳಲ್ಲ. ಥೈರಾಯ್ಡ್ ಜಾಸ್ತಿ ಕೆಲಸ ಮಾಡಿದರೂ ಇದೇ ಎದೆಬಡಿತ, ಇದೇ ನಡುಕ, ಇದೇ ನಿದ್ದೆಗೇಡು ಇರುತ್ತೆ. ಅದನ್ನು ತಳ್ಳಿಹಾಕದೆ ಮುಂದೆ ಹೋಗುವ ಹಾಗಿಲ್ಲ. ದಿನಕ್ಕೆ ಆರು ಕಾಫಿ ಕುಡಿಯುವವರಿಗೆ ಕಾಫಿಯೇ ಇದನ್ನೆಲ್ಲ ಮಾಡಬಲ್ಲದು. ನನ್ನದು ಐದಿತ್ತು.

ಎಲ್ಲ ನಾರ್ಮಲ್ ಅಂತ ರಿಪೋರ್ಟ್ ಬಂದಾಗ ಒಬ್ಬರು 'ಟೆನ್ಷನ್ ತಗೋಬೇಡಿ' ಅಂದರು. ಹೇಗೆ ತಗೊಳ್ಳದೆ ಇರೋದು ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇನ್ನೊಂದು ಕ್ಲಿನಿಕ್ಕಿನಲ್ಲಿ ರಾತ್ರಿಗೆ ಅಂತ ಚಿಕ್ಕ ಮಾತ್ರೆ ಬರೆದುಕೊಟ್ಟರು, ಆಲ್ಪ್ರಜೋಲಮ್. ಮೊದಲ ರಾತ್ರಿ ನುಂಗಿ ಅರ್ಧ ಗಂಟೆಗೆ ತಲೆಯೊಳಗಿನ ಫ್ಯಾನ್ ಆಫ್ ಆದ ಹಾಗಾಯ್ತು. ವರ್ಷಗಳಿಂದ ಕೇಳಿರದ ನಿಶ್ಶಬ್ದ. ಹತ್ತು ದಿನಕ್ಕೆ ಬರೆದಿದ್ದನ್ನು ನಾಲ್ಕು ತಿಂಗಳು ನುಂಗಿದೆ. ಚೀಟಿ ಕೇಳದೆ ಕೊಡುವ ಮೆಡಿಕಲ್ ಶಾಪ್ ಪತ್ತೆ ಮಾಡಿಕೊಂಡಿದ್ದೆ, ಒಂದಿದ್ದದ್ದು ಎರಡಾಗಿತ್ತು. ಈ ಜಾತಿಯ ಮಾತ್ರೆಗಳಿಗೆ ಬೆಂಜೊಡಯಜೆಪೀನ್ ಅಂತಾರೆ. ಬೇಗ ಕೆಲಸ ಮಾಡುತ್ತವೆ, ಅಷ್ಟೇ ಬೇಗ ಮೈ ಅವಕ್ಕೆ ಒಗ್ಗಿಕೊಳ್ಳುತ್ತೆ. ಆದ್ದರಿಂದಲೇ ಸಾಮಾನ್ಯವಾಗಿ ಎರಡು–ನಾಲ್ಕು ವಾರ ದಾಟಿಸಬಾರದು ಅನ್ನೋದು. ತುಂಬಾ ದಿನ ತಗೊಂಡವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವೂ ಇದೆ, ಡಾಕ್ಟರ್ ಹೇಳಿದ ಹಾಗೆ ಇಷ್ಟಿಷ್ಟೇ ಇಳಿಸಬೇಕು. ಓದುತ್ತಿರುವವರಲ್ಲಿ ಯಾರ ಬ್ಯಾಗಿನಲ್ಲಾದರೂ ಇಂಥ ಸ್ಟ್ರಿಪ್ ಇದ್ದರೆ ದಯವಿಟ್ಟು ಈ ಸಾಲನ್ನು ಇನ್ನೊಮ್ಮೆ ಓದಿ.

ಕೊನೆಗೆ ಮನೋವೈದ್ಯರ ಹತ್ತಿರ ಹೋಗಿದ್ದು ರೂಮ್‌ಮೇಟ್ ಬಲವಂತಕ್ಕೆ. 'ನೀನು ನಿದ್ದೇಲಿ ಹಲ್ಲು ಕಡಿಯೋ ಶಬ್ದಕ್ಕೆ ನಂಗೆ ನಿದ್ದೆ ಬರಲ್ಲ ಕಣೇ' ಅಂದಳು. ಅದೇ ಕಾರಣ, ದೊಡ್ಡ ಜ್ಞಾನೋದಯವೇನೂ ಆಗಿರಲಿಲ್ಲ.

ಸ್ಕ್ಯಾನ್ ಇಲ್ಲ, ಪ್ರಶ್ನೆಗಳಷ್ಟೇ

ಏನೋ ಸ್ಕ್ಯಾನ್ ಮಾಡಿಸುತ್ತಾರೆ ಅಂದುಕೊಂಡಿದ್ದೆ. ನಲವತ್ತು ನಿಮಿಷ ಬರೀ ಪ್ರಶ್ನೆ. ಎಷ್ಟು ದಿನದಿಂದ? ವಾರದಲ್ಲಿ ಎಷ್ಟು ದಿನ? ಒಂದೇ ವಿಷಯಕ್ಕಾ, ಹತ್ತಾರು ವಿಷಯಕ್ಕಾ? ಬೇಡ ಅಂದರೆ ನಿಲ್ಲುತ್ತಾ? ಕುಡಿತ ಉಂಟಾ? ಸಾಯಬೇಕು ಅನ್ನಿಸಿದ್ದು ಉಂಟಾ? ಯಾವಾಗಲಾದರೂ ವಿಪರೀತ ಉತ್ಸಾಹ ಬಂದು ನಿದ್ದೆಯೇ ಬೇಡ ಅನ್ನಿಸಿತ್ತಾ? ಕೊನೆಯದನ್ನು ಯಾಕೆ ಕೇಳಿದರು ಅಂತ ಆಮೇಲೆ ಗೊತ್ತಾಯ್ತು. ಬೈಪೋಲಾರ್ ಇರುವವರಿಗೆ ಈ ಮಾತ್ರೆಗಳನ್ನು ಹಾಗೇ ಕೊಟ್ಟರೆ ಮನಸ್ಸು ಇನ್ನೊಂದು ತುದಿಗೆ ಜಿಗಿಯಬಹುದು.

ಆಮೇಲೆ ಒಂದು ಹಾಳೆ ಕೊಟ್ಟರು, ಜಿಎಡಿ-7. 2006ರಲ್ಲಿ ರಾಬರ್ಟ್ ಸ್ಪಿಟ್ಜರ್ ಮತ್ತು ಅವರ ಜೊತೆಗಾರರು ಪ್ರಕಟಿಸಿದ ಪ್ರಶ್ನಾವಳಿ. ಕಳೆದ ಎರಡು ವಾರದಲ್ಲಿ ಗಾಬರಿ, ನಿಲ್ಲಿಸಲಾಗದ ಚಿಂತೆ, ಸುಮ್ಮನೆ ಕೂರಲಾಗದಿರುವುದು, ಸಿಡುಕು, ಏನೋ ಕೆಟ್ಟದ್ದಾಗುತ್ತೆ ಅನ್ನುವ ಭಯ, ಹೀಗೆ ಏಳು ಪ್ರಶ್ನೆ. ಪ್ರತಿಯೊಂದಕ್ಕೂ 0ರಿಂದ 3 ಅಂಕ, ಒಟ್ಟು 21. ಐದು ದಾಟಿದರೆ ಸ್ವಲ್ಪ, ಹತ್ತಕ್ಕೆ ಮಧ್ಯಮ, ಹದಿನೈದಕ್ಕೆ ತೀವ್ರ. ನನಗೆ 16 ಬಂತು. ಇಂಜಿನಿಯರಿಂಗ್‌ನಲ್ಲಿ ಇಷ್ಟು ಸಲೀಸಾಗಿ ಮಾರ್ಕ್ಸ್ ಬಂದಿರಲಿಲ್ಲ. ಈ ಹಾಳೆ ಜರಡಿ ಮಾತ್ರ, ಫೋನಿನಲ್ಲಿ ತುಂಬಿಸಿ ನನಗೆ ಕಾಯಿಲೆ ಇದೆ ಅಂತ ತೀರ್ಪು ಕೊಟ್ಟುಕೊಳ್ಳುವುದಕ್ಕಲ್ಲ. ಡಾಕ್ಟರು ತೀರ್ಮಾನ ಮಾಡಿದ್ದು ಬೇರೆ ಅಳತೆಯಲ್ಲಿ. ಕನಿಷ್ಠ ಆರು ತಿಂಗಳು, ಹೆಚ್ಚುಕಡಿಮೆ ದಿನವೂ, ಹಲವು ವಿಷಯಗಳ ಬಗ್ಗೆ ತಡೆಯಲಾಗದ ಚಿಂತೆ ಇರಬೇಕು. ಜೊತೆಗೆ ಚಡಪಡಿಕೆ, ಸುಸ್ತು, ಗಮನ ನಿಲ್ಲದಿರುವುದು, ಸಿಡುಕು, ಮೈ ಬಿಗಿತ, ನಿದ್ದೆ ಕೆಡುವುದು, ಇವುಗಳಲ್ಲಿ ಮೂರಾದರೂ ಇರಬೇಕು. ಇದರಿಂದ ದಿನನಿತ್ಯದ ಬದುಕು ಕೆಟ್ಟಿರಬೇಕು, ಅಥವಾ ಮನುಷ್ಯ ಬಳಲಿರಬೇಕು.

'ಜನರಲೈಸ್ಡ್ ಆಂಕ್ಸೈಟಿ ಡಿಸಾರ್ಡರ್' ಅಂತ ಬರೆದರು. ಈ ಹೆಸರು ಬಂದಿದ್ದು 1980ರಲ್ಲಿ, ಅಮೆರಿಕದ ಮನೋವೈದ್ಯರ ಕೈಪಿಡಿಯ ಮೂರನೇ ಆವೃತ್ತಿಯಲ್ಲಿ. ಅದಕ್ಕೆ ಮುಂಚೆ ಇದನ್ನೂ, ದಿಢೀರಂತ ಬರುವ ಪ್ಯಾನಿಕ್ಕನ್ನೂ ಆಂಕ್ಸೈಟಿ ನ್ಯೂರೋಸಿಸ್ ಅಂತ ಒಂದೇ ಚೀಲಕ್ಕೆ ತುಂಬುತ್ತಿದ್ದರು. ನಮ್ಮ ಕಡೆ ಮಾತಿಗೇನೂ ಬರವಿಲ್ಲ. ದಿಗಿಲು, ಗಾಬರಿ, ತಳಮಳ, ಕಸಿವಿಸಿ, ಹೊಟ್ಟೆಯೊಳಗೆ ಸಂಕಟ, ಕೈಕಾಲು ಆಡಲ್ಲ. ಇಷ್ಟೊಂದು ಮಾತಿದ್ದೂ ಇದು ವಾಸಿಯಾಗುವ ಕಾಯಿಲೆ ಅಂತ ಹೇಳುವ ಒಂದು ಮಾತು ನಮ್ಮ ಮನೆಯಲ್ಲಿರಲಿಲ್ಲ.

ನಾನು ಜಗಳಕ್ಕೇ ನಿಂತೆ. 'ಸರ್, ನನ್ನ ಚಿಂತೆ ಯಾವುದೂ ಸುಳ್ಳಲ್ಲ. ಪಕ್ಕದ ಟೀಮಿನಲ್ಲಿ ಆರು ಜನರನ್ನ ತೆಗೆದರು. ಅಪ್ಪ ಬೆಳೆಯೋದು ಹೊಗೆಸೊಪ್ಪು, ಹರಾಜಿನಲ್ಲಿ ರೇಟ್ ಬಿದ್ದರೆ ವರ್ಷ ಹೋಯ್ತು. 2018, 2019ರಲ್ಲಿ ಹೊಳೆ ಉಕ್ಕಿ ಕುಶಾಲನಗರದ ಬಡಾವಣೆಗಳೇ ಮುಳುಗಿದ್ವು, ನಮ್ಮೂರು ಈ ದಡದಲ್ಲಿದೆ.' ಅವರು ಪೂರ್ತಿ ಕೇಳಿಸಿಕೊಂಡು, 'ಚಿಂತೆ ನಿಜಾನೋ ಸುಳ್ಳೋ ಅಂತ ನಾನು ಕೇಳಲಿಲ್ಲಮ್ಮ. ವಿಷಯ ಮುಗಿದ ಮೇಲೆ ಚಿಂತೆ ಮುಗಿಯುತ್ತಾ?' ಅಂದರು.

ನನಗೆ ತಟ್ಟನೆ ಅಪ್ಪ ನೆನಪಾದರು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯವರಿಗೆ ಬ್ಯಾರನ್ ಅಂದರೆ ವಿವರಿಸಬೇಕಿಲ್ಲ. ಉಳಿದವರಿಗೆ: ಹೊಗೆಸೊಪ್ಪನ್ನು ಕೋಲಿಗೆ ಕಟ್ಟಿ ಎತ್ತರದ ಕೋಣೆಯಲ್ಲಿ ಸಾಲಾಗಿ ತೂಗುಹಾಕಿ, ಹೊರಗಿನಿಂದ ಸೌದೆ ಉರಿಸಿ, ಬಿಸಿಗಾಳಿಯಲ್ಲಿ ಸುಮಾರು ಒಂದು ವಾರ ಹದ ಮಾಡುತ್ತಾರೆ. ಶಾಖ ದಿನದಿನಕ್ಕೂ ಲೆಕ್ಕದಲ್ಲಿ ಏರಬೇಕು. ಕಮ್ಮಿಯಾದರೆ ಸೊಪ್ಪಿನ ಬಣ್ಣ ಕೆಡುತ್ತೆ, ಕೈಮೀರಿದರೆ ಬ್ಯಾರನ್ನೇ ಹೊತ್ತಿಕೊಳ್ಳುತ್ತೆ. ಆ ವಾರ ಅಪ್ಪ ರಾತ್ರಿ ಎರಡು ಗಂಟೆಗೊಮ್ಮೆ ಎದ್ದು ಥರ್ಮಾಮೀಟರ್ ನೋಡಿ ಬರುತ್ತಾರೆ. ಸೊಪ್ಪು ಇಳಿಸಿದ ರಾತ್ರಿ ಮಾತ್ರ ಎಮ್ಮೆ ಕೂಗಿದರೂ ಏಳಲ್ಲ, ಹಾಗೆ ಮಲಗುತ್ತಾರೆ. ನಾನು ಬ್ಯಾರನ್ ಖಾಲಿಯಾದ ಮೇಲೂ ಎರಡು ಗಂಟೆಗೊಮ್ಮೆ ಎದ್ದು ಹೋಗಿ ನೋಡುವವಳು. ಡಾಕ್ಟರಿಗೆ ಇದನ್ನ ಹೇಳಿದೆ. 'ಇನ್ನು ಮುಂದೆ ಬೇರೆಯವರಿಗೂ ಇದನ್ನೇ ಹೇಳ್ತೀನಿ' ಅಂದರು. ಹೇಳುತ್ತಿದ್ದಾರೋ ಇಲ್ಲವೋ.

ಮಾತ್ರೆ, ಮಾತು

ಎರಡು ದಾರಿ ಮುಂದಿಟ್ಟರು. ಒಂದು ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆ, ಇನ್ನೊಂದು ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆ. ಎಷ್ಟೋ ಜನಕ್ಕೆ ಯಾವುದಾದರೂ ಒಂದೇ ಸಾಕಾಗುತ್ತೆ. ನನ್ನದು ತೀವ್ರವಾಗಿದ್ದರಿಂದ, ನಿದ್ದೆಯೂ ಹಾಳಾಗಿದ್ದರಿಂದ ಎರಡನ್ನೂ ಹೇಳಿದರು.

ಎಸ್ಸಿಟಲೋಪ್ರಾಮ್, ಮೊದಲ ವಾರ 5 ಮಿಲಿಗ್ರಾಂ, ಆಮೇಲೆ 10. ಹಳೆಯ ಆಲ್ಪ್ರಜೋಲಮ್ಮನ್ನು ಕೆಲವು ವಾರಗಳಲ್ಲಿ ಇಳಿಸಿ ಬಿಡಿಸಿದರು. ನಿಜ ಹೇಳಿಬಿಡ್ತೀನಿ, ಮೊದಲ ಹತ್ತು ದಿನ ಮುಂಚೆಗಿಂತ ಕಷ್ಟವಾಯ್ತು. ಹೊಟ್ಟೆ ತೊಳಸು, ಆಕಳಿಕೆ, ಅಂಗೈ ಬೆವರು, ಗಾಬರಿ ಇನ್ನೂ ಒಂದು ಹಿಡಿ ಜಾಸ್ತಿ. ತುಂಬಾ ಜನ ಇಲ್ಲೇ ಬಿಟ್ಟುಬಿಡುತ್ತಾರಂತೆ. ಮೊದಲೇ ಎಚ್ಚರಿಸಿದ್ದರಿಂದ ನಾನು ಬಿಡಲಿಲ್ಲ. ಶುರುವಿನ ವಾರಗಳಲ್ಲಿ, ಅದರಲ್ಲೂ 25ರೊಳಗಿನವರಿಗೆ, ಸಾಯುವ ಯೋಚನೆ ಬಂದರೆ ಆಗಿಂದಾಗಲೇ ಡಾಕ್ಟರಿಗೆ ತಿಳಿಸಬೇಕು, ಇದನ್ನೂ ಹೇಳಿದ್ದರು. ಗುಣ ಕಾಣುವುದಕ್ಕೆ ಎರಡರಿಂದ ಆರು ವಾರ ಬೇಕು. ನನಗೆ ಗೊತ್ತಾಗಿದ್ದು ನಾಲ್ಕನೇ ವಾರ, ಅದೂ ಒಂದು ಬೆಳಿಗ್ಗೆ ಉಪ್ಪಿಟ್ಟು ತಿಂದು ಮುಗಿಸಿ ತಟ್ಟೆ ನೋಡಿದಾಗ. ಖಾಲಿಯಾಗಿತ್ತು.

ಈ ಮಾತ್ರೆಗಳು ಕೆಲವರ ಲೈಂಗಿಕ ಆಸಕ್ತಿ ತಗ್ಗಿಸುತ್ತವೆ. ಇದನ್ನು ಯಾರೂ ಬಾಯಿಬಿಟ್ಟು ಕೇಳಲ್ಲ. ಆಮೇಲೆ ಮಾತ್ರೆಯನ್ನೇ ಗುಟ್ಟಾಗಿ ಬಿಡುತ್ತಾರೆ. ಕೇಳಿ, ಡೋಸು ಬದಲಿಸಬಹುದು, ಮಾತ್ರೆಯನ್ನೇ ಬದಲಿಸಬಹುದು. ಖರ್ಚಿನ ಮಾತು ಬಂದರೆ, ನನ್ನ ಮಾತ್ರೆಗೆ ತಿಂಗಳಿಗೆ 300 ರೂಪಾಯಿ ದಾಟಲಿಲ್ಲ. ಥೆರಪಿಗೆ ಒಂದು ಸಿಟ್ಟಿಂಗಿಗೆ 1500. ಮನಸ್ಸಿನ ಕಾಯಿಲೆಗೂ ಮೈಯ ಕಾಯಿಲೆಗೂ ವಿಮೆಯಲ್ಲಿ ಭೇದ ಮಾಡಬಾರದು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತೆ. ಆದರೆ ಅಡ್ಮಿಟ್ ಆಗದೆ ಬಂದು ಹೋಗುವವರ ಖರ್ಚನ್ನು ನನ್ನ ಪಾಲಿಸಿ ಯಾವ ಕಾಯಿಲೆಗೂ ಕೊಡಲ್ಲ, ಹಾಗಾಗಿ ಭೇದವೇ ಇಲ್ಲ!

ಥೆರಪಿ ಅಂದರೆ ಅಳುವುದು, ಬಾಲ್ಯ ಕೆದಕುವುದು ಅಂದುಕೊಂಡಿದ್ದೆ. ಸಿಬಿಟಿ ಹೋಮ್‌ವರ್ಕ್ ಕೊಡುವ ಟ್ಯೂಷನ್ ಇದ್ದ ಹಾಗೆ. ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಹನ್ನೆರಡು ವಾರ. (ಯಾರ ಹತ್ತಿರ ಹೋದರೂ ಆರ್‌ಸಿಐ ನೋಂದಣಿ ಇದೆಯಾ ಅಂತ ಕೇಳಿ. ಇನ್‌ಸ್ಟಾಗ್ರಾಂನಲ್ಲಿ ಎರಡು ತಿಂಗಳ ಕೋರ್ಸ್ ಮಾಡಿದವರೂ ಥೆರಪಿಸ್ಟೇ.) ಮೊದಲ ಹೋಮ್‌ವರ್ಕ್: ಚಿಂತೆ ಬಂದಾಗಲೆಲ್ಲ ಒಂದು ಸಾಲು ಬರೆದಿಟ್ಟು, ಅದನ್ನು ಮಾಡುವುದನ್ನು ಸಂಜೆ ಆರೂವರೆಗೆ ಮುಂದೂಡುವುದು. ಆರೂವರೆಯಿಂದ ಇಪ್ಪತ್ತು ನಿಮಿಷ ಕೂತು ಬೇಕಾದಷ್ಟು ಚಿಂತೆ ಮಾಡಬಹುದು. ನಗು ಬಂತು, ಆದರೂ ಮಾಡಿದೆ. ಆರೂವರೆಗೆ ಪುಸ್ತಕ ತೆಗೆದರೆ ಬೆಳಿಗ್ಗೆ ಬೆಟ್ಟದಷ್ಟಿದ್ದದ್ದು ಎಷ್ಟೋ ಸಲ ಏನಂತಲೇ ನೆನಪಾಗುತ್ತಿರಲಿಲ್ಲ. ಪಕ್ಕದಲ್ಲಿ 'ಏನಾಗುತ್ತೆ ಅಂದುಕೊಂಡೆ', 'ಏನಾಯ್ತು' ಅಂತ ಎರಡು ಕಾಲಂ. ಆರು ವಾರಕ್ಕೆ 61 ಸಾಲು ತುಂಬಿದವು. ಅಂದುಕೊಂಡ ಹಾಗೇ ಕೆಟ್ಟದಾಗಿದ್ದು ನಾಲ್ಕು. ಅದರಲ್ಲಿ ಒಂದು ಕುಕ್ಕರ್ ಗ್ಯಾಸ್ಕೆಟ್.

ಕಷ್ಟ ಬಂದಿದ್ದು ಆಮೇಲೆ. ನಮ್ಮಂಥವರಿಗೆ ಕೆಟ್ಟದ್ದಾಗುವುದಕ್ಕಿಂತ 'ಗೊತ್ತಿಲ್ಲ' ಅನ್ನುವುದನ್ನೇ ತಡೆದುಕೊಳ್ಳಲಾಗಲ್ಲ ಅಂತ ಥೆರಪಿಸ್ಟ್ ತೋರಿಸಿಕೊಟ್ಟರು. ಗೊತ್ತುಮಾಡಿಕೊಳ್ಳುವುದಕ್ಕೆ ಪದೇಪದೇ ನೋಡುತ್ತೇವೆ, ಕೇಳುತ್ತೇವೆ, ಫೋನ್ ಮಾಡುತ್ತೇವೆ. ಐದು ನಿಮಿಷ ಸಮಾಧಾನ, ಮತ್ತೆ ಅದೇ. ಹಾಗಾಗಿ ಅಭ್ಯಾಸ ಅಂದರೆ ನೋಡದಿರುವುದು. ಕೋಡ್ ಲೈವ್ ಮಾಡಿ ಲ್ಯಾಪ್‌ಟಾಪ್ ಇನ್ನೊಂದು ರೂಮಿನಲ್ಲಿಟ್ಟು ಮಲಗುವುದು. ಮೇಲ್ ಒಂದೇ ಸಲ ಓದಿ ಕಳಿಸುವುದು. ಮೊದಲ ರಾತ್ರಿ ನಾಲ್ಕರವರೆಗೆ ಸೂರು ನೋಡುತ್ತಾ ಬಿದ್ದಿದ್ದೆ. ಐದನೇ ಸಲಕ್ಕೆ ನಿದ್ದೆ ಬಂತು.

ಪಟ್ಟಿಯಲ್ಲಿ ಕೊನೆಗಿದ್ದದ್ದು ಅವ್ವ. ದಿನಕ್ಕೆ ಆರೇಳು ಸಲ ಅವಳು ಮಾಡುತ್ತಿದ್ದಳು, ಅವಳು ಮಾಡದಿದ್ದರೆ ನಾನು. ಒಬ್ಬರಿಗೊಬ್ಬರು ಮಾತ್ರೆಯಾಗಿದ್ದೆವು, ಆ ಚಿಕ್ಕ ಮಾತ್ರೆಯ ಥರದ್ದೇ. ಇನ್ನು ದಿನಕ್ಕೆ ಒಂದೇ ಫೋನ್, ರಾತ್ರಿ ಎಂಟಕ್ಕೆ ಅಂದೆ. 'ಯಾಕ್ ಮಗಾ, ಅವ್ವ ಬ್ಯಾಡ್ವಾದ್ಲಾ?' ಅಂದಳು. ಎರಡು ದಿನ ಎಂಟಕ್ಕೂ ಎತ್ತಲಿಲ್ಲ.

ಮಾತ್ರೆಯ ವಿಷಯ ಹೇಳಿದ್ದೂ ಆಗಲೇ. ಅವಳಿಗೆ ನನ್ನ ಕಾಯಿಲೆಗಿಂತ ಮದುವೆಯ ಯೋಚನೆ. ಕೆ.ಆರ್. ನಗರದ ಕಡೆಯಿಂದ ಒಂದು ಸಂಬಂಧ ಬಂದಿತ್ತು. 'ತಲೆ ಮಾತ್ರೆ ತಗೋತಾಳೆ ಅಂದ್ರೆ ಯಾರು ಬತ್ತಾರೆ? ಈಗ ಚೆಂದಾಗಿದ್ದೀಯಲ್ಲ, ಬಿಟ್ಬುಡು.' ನಿಜಕ್ಕೂ ಚೆನ್ನಾಗಿದ್ದೆ. ಐದನೇ ತಿಂಗಳಲ್ಲಿ ಒಂದು ಸೋಮವಾರ ನಿಲ್ಲಿಸಿಬಿಟ್ಟೆ. ಮೂರನೇ ದಿನ ತಲೆ ತಿರುಗಿಸಿದರೆ ಒಳಗೆ ಸಣ್ಣಗೆ ಕರೆಂಟ್ ಹೊಡೆದ ಹಾಗೆ. ಅದು ಎರಡು ವಾರಕ್ಕೆ ಹೋಯ್ತು. ಎರಡು ತಿಂಗಳಿಗೆ ಹಳೆಯ ಚಿಂತೆ ಸಾಮಾನು ಸರಂಜಾಮಿನ ಸಮೇತ ವಾಪಸ್ ಬಂತು. ಡಾಕ್ಟರು ಬೈಯಲಿಲ್ಲ. ಗುಣವಾದ ಮೇಲೂ ಕನಿಷ್ಠ ಆರರಿಂದ ಹನ್ನೆರಡು ತಿಂಗಳು ಮುಂದುವರಿಸಬೇಕು, ನಿಲ್ಲಿಸುವಾಗ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು ಅಂತ ಹಿಂದೆ ಹೇಳಿದ್ದನ್ನೇ ಹೇಳಿ, ಮತ್ತೆ 5 ಮಿಲಿಗ್ರಾಂನಿಂದ ಶುರು ಮಾಡಿದರು. ಹುಡುಗನ ಮನೆಯವರಿಗೆ ನಾನೇ ಹೇಳಿದೆ. ಸಂಬಂಧ ಮುಂದುವರಿಯಲಿಲ್ಲ. ಕಾರಣ ಜಾತಕ ಅಂದರು.

ಹದಿನೇಳು

ಹೋದ ವರ್ಷ ಬ್ಯಾರನ್ ಸಮಯದಲ್ಲಿ ಊರಲ್ಲಿದ್ದೆ. ಜಗಲಿಯಲ್ಲಿ ಅವ್ವ ಸೊಪ್ಪು ಕಟ್ಟುತ್ತಿದ್ದಳು. ನಾನು ಫೋನಿನಲ್ಲಿ ಆ ಏಳು ಪ್ರಶ್ನೆ ತೆಗೆದು, ನಮ್ಮ ಮಾತಿಗೆ ತಿರುಗಿಸಿ ಒಂದೊಂದಾಗಿ ಕೇಳಿದೆ. ತಮಾಷೆಗೆ ಅಂತಲೇ ಶುರು ಮಾಡಿದ್ದು. ಹೆಚ್ಚಿನವಕ್ಕೆ 'ದಿನಾಲೂವೆ' ಅನ್ನುತ್ತಾ ಹೋದಳು. ಒಟ್ಟು 17.

'ಇದು ಕಾಯಿಲೆನಾ?' ಅಂದಳು. ಕೋಲು ಕೆಳಗಿಟ್ಟಳು. 'ನಾನು ತಾಯಿ ಆದ್ರೆ ಹಿಂಗೇ ಇರ್ಬೇಕೇನೋ ಅನ್ಕಂಡಿದ್ನಲ್ಲ.'

ಮೂವತ್ತು ವರ್ಷ. ನಾನು ಹುಟ್ಟಿದಾಗಿನಿಂದ. ಈ ಕಾಯಿಲೆ ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಎರಡು ಪಟ್ಟು ಹೆಚ್ಚು, ಮನೆತನದಲ್ಲಿ ಹರಿದು ಬರುವುದೂ ಉಂಟು. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ಮಾಡಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಖಿನ್ನತೆ, ಆತಂಕದಂಥ ಸಾಮಾನ್ಯ ತೊಂದರೆ ಇದ್ದವರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಅದನ್ನು ನಾನು ಓದಿದ್ದೆ. ಜಗಲಿಯಲ್ಲಿ ಕೂತು ಸೊಪ್ಪು ಕಟ್ಟುತ್ತಿರುವ ಹೆಂಗಸು ಆ ಲೆಕ್ಕದವಳು ಅಂತ ಹೊಳೆದಿರಲಿಲ್ಲ. ಅವಳನ್ನು ನಗಾಡಿದವರಲ್ಲಿ ನಾನೂ ಒಬ್ಬಳು.

ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕಳಿಸುವ 'ಮನೋಚೈತನ್ಯ' ಅನ್ನುವ ಯೋಜನೆ ನಮ್ಮ ರಾಜ್ಯದಲ್ಲಿದೆ. ಪಿರಿಯಾಪಟ್ಟಣಕ್ಕೆ ಹೋಗೋಣ ಅಂದರೆ ಅವ್ವ ಒಪ್ಪಲಿಲ್ಲ, ಅಲ್ಲಿ ಎಲ್ಲರೂ ಗುರುತಿನವರೇ. ಮೊದಲು ಮನೆಯಿಂದಲೇ 14416ಕ್ಕೆ ಫೋನ್ ಹಚ್ಚಿಕೊಟ್ಟೆ. ಟೆಲಿ-ಮಾನಸ್, 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರು ಮಾಡಿದ ಸಹಾಯವಾಣಿ. ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಅವ್ವ ಫೋನ್ ಹಿಡಿದುಕೊಂಡು ಹಿತ್ತಿಲಿಗೆ ಹೋದಳು. ಇಪ್ಪತ್ತೈದು ನಿಮಿಷವಾದರೂ ಬರಲಿಲ್ಲ. ನನ್ನ ಹತ್ತಿರ ಯಾವತ್ತೂ ಅಷ್ಟು ಹೊತ್ತು ಅವಳ ವಿಷಯ ಮಾತಾಡಿದವಳಲ್ಲ.

ಆಮೇಲೆ ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಕರಕೊಂಡು ಹೋದೆ. ಅಕ್ಕಪಕ್ಕದವರಿಗೆ ಶುಗರ್ ತೋರಿಸೋಕೆ ಅಂತ ಹೇಳಿದ್ದಳು. ಅದಕ್ಕೆ ಈಗಲೂ ಹಬ್ಬದ ಮನೆಗಳಲ್ಲಿ ಅವಳಿಗೆ ಪಾಯಸ ಬಡಿಸಲ್ಲ. ಅವಳದು ಸರ್ಟ್ರಲೀನ್. ನನಗೆ ಆದ ಹಾಗೆ ಹೊಟ್ಟೆ ತೊಳಸು ಅವಳಿಗಾಗಲಿಲ್ಲ, ಮೂರು ದಿನ ತಲೆನೋವು ಬಂತು ಅಷ್ಟೇ. ವಾರವಾರ ಮೈಸೂರಿಗೆ ಥೆರಪಿಗೆ ಹೋಗಿಬರುವುದು ಅವಳಿಗೆ ಆಗದ ಮಾತು. ನನ್ನ ಎರಡು ಕಾಲಂ ನೋಟ್‌ಬುಕ್ಕನ್ನೇ ಕೊಟ್ಟೆ. ಬರೆಯುವುದು ಬೇಜಾರು ಅಂತ ಹುರುಳಿಕಾಳು ಇಟ್ಟುಕೊಂಡಿದ್ದಾಳೆ. ದಿಗಿಲಾದರೆ ಡಬ್ಬಿಗೆ ಒಂದು ಕಾಳು, ಸಂಜೆ ಎಣಿಸಿ ವಾಪಸ್. ಪೂರ್ತಿ ವಾಸಿ ಅಂತ ಹೇಳಲಾರೆ. ಆರನೇ ತಿಂಗಳಲ್ಲಿ ಕೇಳಿದಾಗ 17 ಇದ್ದದ್ದು 8 ಆಗಿತ್ತು.

ಈ ಮಳೆಗಾಲದಲ್ಲಿ ಒಂದು ರಾತ್ರಿ ಎಂಟಕ್ಕೆ ಎಂದಿನಂತೆ ಫೋನ್ ಮಾಡಿದೆ. ಉಂಡ್ಯಾ ಅಂದಳು, ಉಂಡೆ ಅಂದೆ. ಎಮ್ಮೆ ಕರು ಹಾಕಿದ್ದು, ಯಾರದೋ ನಾಮಕರಣ, ಎಲ್ಲ ಆದ ಮೇಲೆ ಇಡುವ ಮುಂಚೆ ಹೇಳಿದಳು: 'ಮೊನ್ನೆ ರಾತ್ರಿ ಹೊಳೆ ತುಂಬಿ ತೋಟದ ಬೇಲಿಗಂಟ ಬಂದಿತ್ತು. ಬೆಳಿಗ್ಗೆ ಇಳೀತು.'

'ಅವ್ವಾ! ಆಗಲೇ ಫೋನ್ ಮಾಡೋದಲ್ವಾ?'

'ಮಾಡಿದ್ರೆ ನೀನು ಅಲ್ಲಿಂದ ಏನ್ ಮಾಡ್ತಿದ್ದೆ? ನಾನು ಮಲಕ್ಕಂಡೆ' ಅಂದಳು.